ಪಿಕಪ್ ಎಂಬ ಮೂಢನಂಬಿಕೆ

ಪರ್ಫಾರ್ಮೆನ್ಸ್ ಕಾರು ಮೂರು ಕೆಲಸಗಳಲ್ಲಿ ಸಾಮಾನ್ಯ ಕಾರನ್ನು ಮೀರಿಸಬೇಕು: ಬೇಗ ವೇಗ ಹಿಡಿಯಬೇಕು, ತಿರುವಿನಲ್ಲಿ ಹಿಡಿತ ಬಿಡದೆ ಸಾಗಬೇಕು, ನಿಲ್ಲಬೇಕಾದ ಕಡೆ ನಿಲ್ಲಬೇಕು. ಭಾರತದ ಕಾರುಪ್ರಿಯರ ಬಳಗದಲ್ಲಿ ಈ ಮೂರರ ಪೈಕಿ ಮೊದಲನೆಯದಕ್ಕೆ ಮಾತ್ರ ಪೂಜೆ. ಕಾರು ಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಪಿಕಪ್ ಹೇಗಿದೆ?’, ಎರಡನೆಯದು ‘ರೀಮ್ಯಾಪ್ ಮಾಡಿಸಿದ್ರಾ?’. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ಯಾರೂ ಯಾರನ್ನೂ ಕೇಳುವುದಿಲ್ಲ; ಕೇಳಿದವರು ಅರಸಿಕರು. ಶಕ್ತಿ ಹೆಚ್ಚಿಸುವುದೇ ಮಾಡಿಫಿಕೇಶನ್ನಿನ ಮೊದಲ ಮೆಟ್ಟಿಲು ಎಂಬುದೂ, ಸರ್ವಿಸ್ ಪುಸ್ತಕಕ್ಕೆ ಬೀಳುವ ಸೀಲೇ ನಿರ್ವಹಣೆ ಎಂಬುದೂ ಎಷ್ಟು ಆರಾಮವಾಗಿ ಒಪ್ಪಿತವಾಗಿವೆ ಎಂದರೆ, ಅವು ಬರೀ ನಂಬಿಕೆಗಳು ಎಂಬ ಅನುಮಾನವೂ ಉಳಿದಿಲ್ಲ. ಈ ನಂಬಿಕೆಗಳು ಒಳ್ಳೆಯ ಕಾರುಗಳನ್ನು ಕೆಡಿಸುತ್ತಿವೆ. ಒಳಗೆ ಕೂತವರನ್ನೂ ಎದುರಿಗೆ ಬರುವವರನ್ನೂ ಅಪಾಯಕ್ಕೆ ನೂಕುತ್ತಿವೆ.

ಈ ಪೂಜೆ ಮನೆಮನೆಗೆ ಬಂದದ್ದು ಟರ್ಬೊ ಪೆಟ್ರೋಲ್ ಎಂಜಿನ್ನಿನ ಜೊತೆ. 2013ರಲ್ಲಿ ಭಾರತದ ಮಾರುಕಟ್ಟೆಗಿಳಿದ ಪೋಲೊ ಜಿಟಿ ಟಿಎಸ್‌ಐ ಕಾರಿನದು 1.2 ಲೀಟರ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ 230 ಪಿಎಸ್‌ನ ಆಕ್ಟೇವಿಯಾ ಆರ್‌ಎಸ್, ಆಮೇಲೆ 1.5 ಲೀಟರ್ ಎಂಜಿನ್ನಿನ ಸ್ಲಾವಿಯಾ, ವರ್ಟಸ್‌ಗಳು ಬಂದವು. ಟರ್ಬೊ ಇಲ್ಲದ ಹಳೆಯ ಎಂಜಿನ್ನಿನಿಂದ ಹೆಚ್ಚು ಶಕ್ತಿ ಹಿಂಡಬೇಕಾದರೆ ಹೆಡ್ ಬಿಚ್ಚಬೇಕಿತ್ತು, ಕ್ಯಾಮ್‌ಶಾಫ್ಟ್ ಬದಲಿಸಬೇಕಿತ್ತು, ಕಸುಬು ಬಲ್ಲ ಮೆಕ್ಯಾನಿಕ್‌ನನ್ನು ಹುಡುಕಬೇಕಿತ್ತು. ಟರ್ಬೊ ಎಂಜಿನ್ನಿಗೆ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಒಳಗಿನ ಲೆಕ್ಕ ಬದಲಿಸಿದರೆ ಸಾಕು. ಟರ್ಬೊ ಒತ್ತಡ ಏರುತ್ತದೆ, ಕಿಡಿ ಇನ್ನೂ ಬೇಗ ಹಾರುತ್ತದೆ, ಕೆಲವೇ ಗಂಟೆಗಳಲ್ಲಿ ಟಾರ್ಕ್ ಶೇ. 20ರಿಂದ 30ರಷ್ಟು ಹೆಚ್ಚುತ್ತದೆ. ಇದೇ ರೀಮ್ಯಾಪ್, ಗ್ಯಾರೇಜಿನ ಭಾಷೆಯಲ್ಲಿ ‘ಸ್ಟೇಜ್ 1’. ಒಂದು ನಟ್ಟನ್ನೂ ಮುಟ್ಟದೆ ಕಾರು ಬದಲಾಗುವುದಾದರೆ ನಟ್ಟು ಬೋಲ್ಟುಗಳ ಜ್ಞಾನ ಯಾರಿಗೆ ಬೇಕು?

ಮೊದಲ ಆರೋಪ ಸಂಖ್ಯೆಯ ಮೇಲೆಯೇ. ರೀಮ್ಯಾಪ್ ಆದ ಕಾರಿನ ಮಾಲೀಕ ಹೇಳುವ ಅಶ್ವಶಕ್ತಿ ಬಹಳ ಸಲ ಅಳೆದದ್ದಲ್ಲ, ಟ್ಯೂನರ್‌ನ ಜಾಹೀರಾತಿನಿಂದ ಎತ್ತಿಕೊಂಡದ್ದು. ಅಳೆದಿದ್ದರೂ ಡೈನೋ ಯಂತ್ರ ಚಕ್ರದ ಬಳಿಯ ಶಕ್ತಿಯನ್ನು ಅಳೆಯುತ್ತದೆ. ಎಂಜಿನ್ನಿನ ಶಕ್ತಿ ಅದಕ್ಕೆ ಅಂದಾಜಿನ ನಷ್ಟ ಕೂಡಿಸಿ ಹೊರಟ ಲೆಕ್ಕ. ಗಾಳಿಯ ಉಷ್ಣತೆ, ಒತ್ತಡಗಳಿಗೆ ಹಾಕುವ ತಿದ್ದುಪಡಿಯನ್ನು ಕೊಂಚ ಧಾರಾಳವಾಗಿ ಹಾಕಿದರೆ ಅದೇ ಕಾರು ಕೂತಲ್ಲೇ ಹತ್ತು ಕುದುರೆಗಳನ್ನು ಹೆರುತ್ತದೆ. ಅದೇ ಯಂತ್ರದಲ್ಲಿ, ಅದೇ ದಿನ, ಬದಲಾವಣೆಗೆ ಮೊದಲು ಮತ್ತು ನಂತರ ತೆಗೆದ ಎರಡು ನಕ್ಷೆಗಳಿಲ್ಲದಿದ್ದರೆ ಆ ಸಂಖ್ಯೆ ಬರೀ ಹರಟೆ. ಆ ಹರಟೆಗೆ ಜನ ಹತ್ತಾರು ಸಾವಿರ ರೂಪಾಯಿ ತೆರುತ್ತಿದ್ದಾರೆ.

ಸಂಖ್ಯೆ ನಿಜವೇ ಇರಲಿ, ಅದು ಪರ್ಫಾರ್ಮೆನ್ಸಿನ ಅಳತೆಗೋಲು ಎಂದು ಯಾರು ಹೇಳಿದರು? ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಜ್ಡಾದ ಎಂಎಕ್ಸ್-5. 1989ರಲ್ಲಿ ಅದು ಹೊರಬಂದಾಗ ಇದ್ದದ್ದು 1.6 ಲೀಟರಿನ, ಟರ್ಬೊ ಇಲ್ಲದ, ಸುಮಾರು 115 ಅಶ್ವಶಕ್ತಿಯ ಎಂಜಿನ್. ಇಲ್ಲಿನವರು ‘ಶಕ್ತಿ ಸಾಲದು’ ಎಂದು ಕೊಂಡ ತಿಂಗಳಲ್ಲೇ ಟ್ಯೂನರ್ ಬಳಿ ಒಯ್ಯುತ್ತಿದ್ದ ಪೋಲೊ ಜಿಟಿಗೂ ಅದಕ್ಕೂ ಶಕ್ತಿಯಲ್ಲಿ ಅಂತರ ಸುಮಾರು ಹತ್ತು ಕುದುರೆಗಳಷ್ಟೇ. ಕಡಿಮೆ ತೂಕ, ಸಮತೋಲ, ಸಸ್ಪೆನ್ಷನ್, ಸ್ಟಿಯರಿಂಗಿನ ನಿಖರತೆ ಆ ಕಾರನ್ನು ಹತ್ತು ಲಕ್ಷಕ್ಕೂ ಹೆಚ್ಚು ಜನಕ್ಕೆ ಮಾರಿದವು. ಇವುಗಳಲ್ಲಿ ಒಂದನ್ನೂ ಲ್ಯಾಪ್‌ಟಾಪಿನಿಂದ ಸುರಿಯಲು ಬರುವುದಿಲ್ಲ.

ಎರಡನೆಯ ಆರೋಪ ಹೆಚ್ಚು ಗಂಭೀರ. ಓಡುವ ಕಾರಿನಲ್ಲಿ ತುಂಬಿರುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಗಂಟೆಗೆ 100 ಕಿ.ಮೀ.ನಲ್ಲಿ ಇರುವುದಕ್ಕಿಂತ 140ರಲ್ಲಿ ಅದು ಹೆಚ್ಚುಕಡಿಮೆ ಎರಡು ಪಟ್ಟು, 160ರಲ್ಲಿ ಎರಡೂವರೆ ಪಟ್ಟು. ಕಾರು ನಿಲ್ಲುವಾಗ ಈ ಶಕ್ತಿಯ ಬಹುಪಾಲು ಪ್ಯಾಡು ಡಿಸ್ಕುಗಳ ನಡುವೆ ಬಿಸಿಯಾಗಿ ಹೊರಬೀಳಬೇಕು. ಆ ಬಿಸಿ ಕ್ಯಾಲಿಪರ್ ದಾಟಿ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಎಂದು ಮಾನದಂಡ ಹೇಳುತ್ತದೆ. ಆದರೆ ಗ್ಲೈಕಾಲ್ ಆಧಾರಿತ ಈ ದ್ರವ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಶೇ. 3.7ರಷ್ಟು ನೀರು ಸೇರಿದಾಗ ಅದೇ ಮಾನದಂಡ ಕೇಳುವುದು ಬರೀ 155 ಡಿಗ್ರಿ. ಕರಾವಳಿಯ ಮಳೆಗಾಲ ಕಂಡ ಕಾರಿನಲ್ಲಿ ನೀರು ಸೇರಲು ತಡವೇನೂ ಆಗದು. ಆಗುಂಬೆ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಬ್ರೇಕ್ ಒತ್ತುತ್ತಲೇ ಇಳಿದರೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಿ ಎಂದು ತಯಾರಕರ ಪುಸ್ತಕಗಳೇ ಹೇಳುತ್ತವೆ. ಡಬ್ಬಿಗೆ ಕೆಲವು ನೂರು ರೂಪಾಯಿ. ರೀಮ್ಯಾಪ್‌ಗೆ ಹತ್ತಾರು ಸಾವಿರ ಸುರಿದವರ ಪೈಕಿ ಈ ಕೆಲವು ನೂರನ್ನು ಖರ್ಚು ಮಾಡಿದವರು ಎಷ್ಟು ಮಂದಿ?

ಕಂಪನಿಗಳೂ ಈ ಪೂಜೆಗೆ ಎಣ್ಣೆ ಬತ್ತಿ ಒದಗಿಸಿವೆ. ಪೋಲೊ ಜಿಟಿಯ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. 2022ರಲ್ಲಿ 150 ಪಿಎಸ್ ಹೊತ್ತು ಬಂದ ವರ್ಟಸ್ ಕೂಡ ಹಿಂದೆ ಡ್ರಮ್ ಬ್ರೇಕಿನೊಂದಿಗೇ ಬಂತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಬಹುಪಾಲು ಕೆಲಸ ಮುಂದಿನ ಡಿಸ್ಕುಗಳದ್ದೇ ಎಂಬ ಸಮಜಾಯಿಷಿ ಸಿದ್ಧವಿದೆ, ಅದು ಸುಳ್ಳೂ ಅಲ್ಲ. ಹಾಗಾದರೆ ಆ ಮುಂದಿನ ಡಿಸ್ಕುಗಳಿಗಾದರೂ ಬಿಸಿ ತಾಳುವ ಪ್ಯಾಡ್ ಹಾಕಿಸುವ ಮಾತು ಯಾವ ಗ್ಯಾರೇಜಿನ ‘ಸ್ಟೇಜ್’ ಪಟ್ಟಿಯಲ್ಲಿದೆ? ಸ್ಟೇಜ್ 1 ಎಂದರೆ ತಂತ್ರಾಂಶ, ಸ್ಟೇಜ್ 2 ಎಂದರೆ ಸೈಲೆನ್ಸರು ಮತ್ತು ಇಂಟರ್‌ಕೂಲರ್, ಸ್ಟೇಜ್ 3 ಎಂದರೆ ದೊಡ್ಡ ಟರ್ಬೊ. ಈ ಏಣಿಯಲ್ಲಿ ನಿಲ್ಲುವುದಕ್ಕೆ ಒಂದು ಮೆಟ್ಟಿಲೂ ಇಲ್ಲ.

ಟಯರಿನ ಕಥೆ ಬೇರೆಯಲ್ಲ. ಕಾರು ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತುಂಡುಗಳಲ್ಲಿ ಮಾತ್ರ. ವೇಗ, ತಿರುವು, ನಿಲುಗಡೆ ಮೂರೂ ಅಲ್ಲಿಂದಲೇ ಹುಟ್ಟಬೇಕು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಟ್ರೆಡ್ ಸವೆಯದಿದ್ದರೂ ವರ್ಷ ಕಳೆದಂತೆ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಈ ನಾಲ್ಕು ಅಂಕಿ ಓದಲು ಬಾರದವರು ಡೈನೋ ನಕ್ಷೆಯ ಗೆರೆಗೆರೆಯನ್ನೂ ಓದಬಲ್ಲರು! ಇನ್ನು ಅಲಾಯ್ ಚಕ್ರಗಳು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಳೆಯುವ ಹದಿನೇಳು ಇಂಚಿನ ನಕಲಿ ಚಕ್ರ ಹಾಕಿಸಿಕೊಂಡ ಕಾರು ನೋಡಲು ಚೆಂದ. ಆ ಚಕ್ರಕ್ಕೆ ಭಾರ ತಾಳುವ ಪರೀಕ್ಷೆ ಆಗಿದೆಯೇ, ಅದು ಮೂಲ ಚಕ್ರಕ್ಕಿಂತ ಎಷ್ಟು ಭಾರ, ಅದರ ಆಫ್‌ಸೆಟ್ ಕಾರಿಗೆ ಹೊಂದುತ್ತದೆಯೇ ಎಂದು ಕೇಳುವುದು ಮಾತ್ರ ಪದ್ಧತಿಯಲ್ಲಿಲ್ಲ. ಭಾರದ ಚಕ್ರ ಪಿಕಪ್ಪನ್ನೂ ತಿನ್ನುತ್ತದೆ, ಬ್ರೇಕನ್ನೂ ತಿನ್ನುತ್ತದೆ. ರೀಮ್ಯಾಪ್‌ನಲ್ಲಿ ಗಳಿಸಿದ್ದನ್ನು ಚಕ್ರದಲ್ಲಿ ಕಳೆದುಕೊಂಡು, ಕಳೆದದ್ದಕ್ಕೂ ದುಡ್ಡು ಕೊಟ್ಟು ಬರುವ ವ್ಯಾಪಾರ ಇನ್ನೆಲ್ಲಿದೆ? ಸ್ಪ್ರಿಂಗನ್ನು ಕಟರ್‌ನಲ್ಲಿ ಕತ್ತರಿಸಿ ಕಾರು ಕುಗ್ಗಿಸುವವರ ಬಗ್ಗೆ ಹೇಳುವುದೇ ಬೇಡ. ಅವರ ಲೆಕ್ಕವನ್ನು ಬೆಂಗಳೂರಿನ ಹಂಪುಗಳೇ ಚುಕ್ತಾ ಮಾಡುತ್ತವೆ.

ಎಂಜಿನ್ನಿನ ಒಳಗೆ ನಡೆಯುವುದು ಇನ್ನೂ ಸೂಕ್ಷ್ಮ, ಆದ್ದರಿಂದ ಅದರ ಬಗ್ಗೆ ಸುಳ್ಳು ಹೇಳುವುದೂ ಸುಲಭ. ‘ಕಂಪನಿಯವರು ಬೇಕೆಂದೇ ಶಕ್ತಿ ಅಡಗಿಸಿಟ್ಟಿದ್ದಾರೆ, ನಾವು ಬಿಡುಗಡೆ ಮಾಡುತ್ತೇವೆ’ ಎಂಬುದು ಟ್ಯೂನರ್‌ಗಳ ನಿತ್ಯಮಂತ್ರ. ಅಡಗಿಸಿಟ್ಟದ್ದು ಶಕ್ತಿಯಲ್ಲ, ಸುರಕ್ಷತೆಯ ಅಂತರ. ಕೆಟ್ಟ ಪೆಟ್ರೋಲ್, ಏಪ್ರಿಲ್ ತಿಂಗಳ ಬಳ್ಳಾರಿಯ ಬಿಸಿಲು, ಐದು ಜನ ಕೂತು ಏರುವ ಘಾಟಿ, ಸರ್ವಿಸ್ ತಪ್ಪಿಸಿದ ಮಾಲೀಕ ಇಷ್ಟನ್ನೂ ತಾಳಿ ಲಕ್ಷಾಂತರ ಕಿ.ಮೀ. ಓಡಲೆಂದು ಎಂಜಿನಿಯರುಗಳು ಬಿಟ್ಟ ಜಾಗ ಅದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ. ಅದೇ ಒತ್ತಡವನ್ನು ಎಂಜಿನ್ನಿಗೆ ಊಡಲು ಟರ್ಬೊ ಚೆನ್ನೈಗಿಂತ ಇಲ್ಲಿ ಹೆಚ್ಚು ಜೋರಾಗಿ ತಿರುಗುತ್ತದೆ. ಅದರ ಮೇಲೆ ರೀಮ್ಯಾಪ್ ಇನ್ನಷ್ಟು ಒತ್ತಡ ಕೇಳುತ್ತದೆ.

ಗೇರ್‌ಬಾಕ್ಸಿನ ವಿಷಯದಲ್ಲಿ ಸಂಖ್ಯೆಗಳೇ ಸಾಕ್ಷಿ. ಪೋಲೊ ಜಿಟಿಯಿಂದ ವರ್ಟಸ್‌ವರೆಗೆ ಬಳಕೆಯಾದ ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ, ಅಂದರೆ ಡಿಕ್ಯೂ200, ತಾಳಬಲ್ಲ ಟಾರ್ಕ್ 250 ನ್ಯೂಟನ್ ಮೀಟರ್ ಎಂದು ಗೊತ್ತುಮಾಡಿ ಕಟ್ಟಿದ್ದು. 1.5 ಟಿಎಸ್‌ಐ ಎಂಜಿನ್ ಕಾರ್ಖಾನೆಯಿಂದ ಹೊರಬರುವಾಗಲೇ ಕೊಡುವ ಟಾರ್ಕ್ 250. ಒಂದು ಅಂಕಿಯ ಅಂತರವೂ ಉಳಿದಿಲ್ಲ. ಅದರ ಮೇಲೆ ಐವತ್ತು ಅರವತ್ತು ಹೇರಿ ‘ಗೇರ್‌ಬಾಕ್ಸ್‌ಗೆ ಏನೂ ಆಗಲ್ಲ ಸಾರ್’ ಎನ್ನುವ ಧೈರ್ಯ ಯಾವ ಲೆಕ್ಕದಿಂದ ಬಂತು? ಏನಾದರೂ ಆದ ದಿನ ಕಂಪನಿಯ ಕಂಪ್ಯೂಟರು ತಂತ್ರಾಂಶ ತಿದ್ದಿದ್ದನ್ನು ಪತ್ತೆಹಚ್ಚುತ್ತದೆ, ವಾರಂಟಿ ಕೈತಪ್ಪುತ್ತದೆ. ಗೇರ್‌ಬಾಕ್ಸಿನ ನಿಯಂತ್ರಣ ಘಟಕವಾದ ಮೆಕಾಟ್ರಾನಿಕ್ಸಿನ ಬಿಲ್ಲು ಕಟ್ಟುವಾಗ ಧೈರ್ಯ ಹೇಳಿದವರು ಜೊತೆಗೆ ನಿಲ್ಲುವುದಿಲ್ಲ.

ಪೆಟ್ರೋಲ್ ಕೂಡ ಬದಲಾಗಿದೆ. 98 ಆಕ್ಟೇನ್ ಎಣಿಸಿ ಯುರೋಪಿನಲ್ಲಿ ಬರೆದ ಮ್ಯಾಪನ್ನು ಇಲ್ಲಿ ಹಾಕಿಸಿಕೊಂಡವರು ಊರಲ್ಲಿರುವಾಗ ದುಬಾರಿ ಪೆಟ್ರೋಲ್ ಹಾಕಿಸುತ್ತಾರೆ, ಸಕಲೇಶಪುರ ದಾಟಿದ ಮೇಲೆ ಸಿಕ್ಕಿದ ಬಂಕಿನಲ್ಲಿ ಸಿಕ್ಕಿದ್ದನ್ನು ತುಂಬಿಸುತ್ತಾರೆ. 2025ರ ಹೊತ್ತಿಗೆ ಸಾಮಾನ್ಯ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ. 20 ತಲುಪಿತು. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ, ಆದರೆ ಅದರ ಶಕ್ತಿಸಾಂದ್ರತೆ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕು, ಎಥನಾಲ್‌ಗೆ 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಚಿಮ್ಮಬೇಕು. ರೀಮ್ಯಾಪ್‌ನಿಂದ ಈಗಾಗಲೇ ಏದುಸಿರು ಬಿಡುತ್ತಿರುವ ಹೈಪ್ರೆಶರ್ ಪಂಪು, ಇಂಜೆಕ್ಟರುಗಳಿಗೆ ಇದು ಹೊಸ ಹೊರೆ. ಹಳೆಯ ಮ್ಯಾಪು ಹಾಗೆಯೇ ಇದೆ, ಹಳೆಯ ನಂಬಿಕೆಯೂ ಹಾಗೆಯೇ ಇದೆ.

ಇಷ್ಟು ಸಾಲದೆಂದು ‘ಪಾಪ್ಸ್ ಅಂಡ್ ಬ್ಯಾಂಗ್ಸ್’ ಎಂಬ ಇನ್ನೊಂದು ಪ್ರಸಾದವಿದೆ. ಆಕ್ಸಿಲರೇಟರ್ ಬಿಟ್ಟಾಗ ಇಂಧನ ನಿಲ್ಲಿಸಬೇಕಾದ ಎಂಜಿನ್ನು ಬೇಕೆಂದೇ ಇಂಧನ ಚಿಮ್ಮುವಂತೆ, ಕಿಡಿ ತಡವಾಗಿ ಹಾರುವಂತೆ ಮಾಡಿದರೆ ಸಿಲಿಂಡರಿನಲ್ಲಿ ಉರಿಯಬೇಕಾದದ್ದು ಹೊಗೆ ಕೊಳವೆಯಲ್ಲಿ ಉರಿದು ಪಟಾಕಿಯ ಸದ್ದು ಬರುತ್ತದೆ. ಆ ಬೆಂಕಿ ಟರ್ಬೊದ ಟರ್ಬೈನನ್ನೂ, ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ. ಸುಟ್ಟುಹೋದರೇನಂತೆ, ಕನ್ವರ್ಟರನ್ನೇ ಕಿತ್ತೆಸೆದರಾಯಿತು ಎಂಬ ಪರಿಹಾರವೂ ಅದೇ ಗ್ಯಾರೇಜಿನಲ್ಲಿ ಲಭ್ಯ. ಕಾರ್ಬನ್ ಮಾನಾಕ್ಸೈಡನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ತಡೆಯುವ ಮುಖ್ಯ ಭಾಗವನ್ನು ಸದ್ದಿಗಾಗಿ ಕಿತ್ತು, ಉಳಿದವರ ಶ್ವಾಸಕೋಶಕ್ಕೆ ಹೊಗೆ ಬಿಡುವುದಕ್ಕೆ ಹವ್ಯಾಸ ಎಂಬ ಹೆಸರು! ರಾತ್ರಿ ಹನ್ನೆರಡಕ್ಕೆ ನಿದ್ದೆಯಿಂದ ಬೆಚ್ಚಿ ಎದ್ದ ಮಗುವಿನ ತಾಯಿಗೂ ಈ ಹವ್ಯಾಸದ ರಸಾನುಭವ ಆಗುತ್ತದೆಯೇ?

ನಿರ್ವಹಣೆಯ ಮೇಲಿನ ಆರೋಪಪಟ್ಟಿ ಉದ್ದವಿದೆ. 15,000 ಕಿ.ಮೀ. ಅಥವಾ ಒಂದು ವರ್ಷಕ್ಕೆ ಆಯಿಲ್ ಬದಲಿಸಿ ಎಂಬ ಕಂಪನಿಯ ಮಾತನ್ನು ವೇದವಾಕ್ಯವೆಂದು ನಂಬುವವರು ಕಿಲೋಮೀಟರು ಎಣಿಸುತ್ತಾರೆ, ಗಂಟೆ ಎಣಿಸುವುದಿಲ್ಲ. ಹೆದ್ದಾರಿಯಲ್ಲಿ ಸರಾಸರಿ 75ರಲ್ಲಿ ಓಡಿದ ಕಾರು ಅಷ್ಟು ದೂರಕ್ಕೆ 200 ಗಂಟೆ ದುಡಿಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳಗಳ ದಟ್ಟಣೆಯಲ್ಲಿ ಸರಾಸರಿ 20ರಲ್ಲಿ ತೆವಳಿದ ಕಾರಿಗೆ ಅದೇ ದೂರ 750 ಗಂಟೆ. ಎರಡಕ್ಕೂ ಒಂದೇ ಆಯಿಲ್, ಒಂದೇ ಗಡುವು! ನೇರ ಇಂಜೆಕ್ಷನ್ ಟರ್ಬೊ ಎಂಜಿನ್ನುಗಳಿಗೆ ಇನ್ನೊಂದು ಕಾಯಿಲೆಯಿದೆ: ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಒತ್ತಡ ಕೇಳಿದಾಗ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯಬಲ್ಲದು. ಇದನ್ನು ತಗ್ಗಿಸುವಂಥ ಆಯಿಲ್‌ಗಳಿಗೆಂದೇ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆಗಳು ಬಂದವು. ರೀಮ್ಯಾಪ್ ಮಾಡುವುದು ಸರಿಯಾಗಿ ಅದನ್ನೇ, ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಉಬ್ಬಿಸುವುದನ್ನು. ಅದೇ ಕಾರಿಗೆ ಯಾವ ದರ್ಜೆಯದೆಂದು ಡಬ್ಬಿ ತಿರುಗಿಸಿಯೂ ನೋಡದೆ ಅಗ್ಗದ ಆಯಿಲ್ ಸುರಿಯುವವರು ಉಳಿಸಿದ ದುಡ್ಡೆಷ್ಟು, ಹೊಸ ಎಂಜಿನ್ನಿನ ಬೆಲೆಯೆಷ್ಟು?

ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವಿನ ಮೇಲೆ ಹರಿಯುವುದಿಲ್ಲವಾದ್ದರಿಂದ ಅಲ್ಲಿ ಮಸಿ ಕಟ್ಟುತ್ತದೆ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಲ್ಲಿ ಹಾರಿಸಿ ಅದನ್ನು ಕೆರೆದು ತೆಗೆಯಬೇಕು. ರಬ್ಬರ್ ಬುಶ್‌ಗಳು ಸವೆದರೆ ಚಕ್ರದ ಕೋನಗಳು ತಪ್ಪುತ್ತವೆ. ಇಂಥವಕ್ಕೆಲ್ಲ ಫೋಟೊ ಇಲ್ಲ, ಸದ್ದಿಲ್ಲ, ಮೆಚ್ಚುಗೆ ಇಲ್ಲ. ಆದ್ದರಿಂದಲೇ ಎರಡನೇ ಕೈಗೆ ಮಾರಾಟಕ್ಕೆ ಬರುವ ‘ಪೂರ್ತಿ ಮಾಡಿಫೈಡ್’ ಕಾರಿನ ಜಾಹೀರಾತಿನಲ್ಲಿ ಟರ್ಬೊದ ಬ್ರಾಂಡ್ ಇರುತ್ತದೆ, ಆಯಿಲ್ ಬದಲಿಸಿದ ತಾರೀಕು ಇರುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ.

ಕಾನೂನಿನ ಕಡೆ ಬೆರಳು ತೋರಿಸುವುದು ಈ ಬಳಗದ ಕೊನೆಯ ಗುರಾಣಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ‘ಹೇಗೂ ಎಲ್ಲವೂ ಅಕ್ರಮ, ಇನ್ನು ಯಾವುದಾದರೇನು’ ಎಂಬ ತೀರ್ಮಾನಕ್ಕೆ ಬಳಗ ಬಂದದ್ದು ಎಷ್ಟು ಅನುಕೂಲಕರ! ಬ್ರೇಕ್ ಪ್ಯಾಡು, ಟಯರು, ಆಯಿಲ್, ಬುಶ್ ಯಾವುದರ ಗುಣಮಟ್ಟ ಏರಿಸಿದರೂ ಆರ್‌ಸಿಯ ಒಂದು ಅಕ್ಷರವೂ ಬದಲಾಗುವುದಿಲ್ಲ. ಕಾನೂನು ತಡೆಯದ ಕೆಲಸವನ್ನೇ ಇವರು ಮಾಡುತ್ತಿಲ್ಲ.

ಸರ್ಕಾರವೂ ಪಾರಾಗುವಂತಿಲ್ಲ. ಖಾಸಗಿ ಕಾರೊಂದು ನೋಂದಣಿಯಾದರೆ 15 ವರ್ಷ ಅದರ ಬ್ರೇಕು, ಸ್ಟಿಯರಿಂಗು, ಟಯರುಗಳನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ. ನಡುವೆ ಇರುವುದು ನಿಂತ ಕಾರಿನ ಹೊಗೆ ಮೂಸಿ ಕೊಡುವ ಪಿಯುಸಿ ಚೀಟಿ ಮಾತ್ರ. ಕರ್ನಾಟಕದ ಊರುಗಳಲ್ಲಿ ಪೊಲೀಸರು ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹಾಯಿಸಿದ್ದು ಸುದ್ದಿಯಾಯಿತು. 2024ರ ಆಗಸ್ಟ್‌ನಿಂದ ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ಕೂಡ ಬರತೊಡಗಿತು. ಬೇಕಾದ್ದೇ. ಆದರೆ ಕ್ಯಾಮೆರಾ ವೇಗ ಅಳೆಯುತ್ತದೆ, ಕುದಿಯಲು ಕಾಯುತ್ತಿರುವ ಬ್ರೇಕ್ ಆಯಿಲ್‌ ಅದಕ್ಕೆ ಕಾಣುವುದಿಲ್ಲ. ಜರ್ಮನಿಯಲ್ಲಿ ಬದಲಿಸಿದ ಚಕ್ರಕ್ಕೂ ಸ್ಪ್ರಿಂಗಿಗೂ ಪರೀಕ್ಷೆಯ ಕಾಗದ ಇರಬೇಕು, ಬೇಕಾದಲ್ಲಿ ತಜ್ಞರು ನೋಡಿ ವಾಹನದ ದಾಖಲೆಯಲ್ಲಿ ಬರೆಯಬೇಕು. ಅಲ್ಲಿ ಹೊಸ ಕಾರಿಗೆ ಮೂರು ವರ್ಷವಾದ ಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಜಪಾನಿನಲ್ಲೂ ಅದೇ ಕ್ರಮ. ಜಗತ್ತು ಕೊಂಡಾಡುವ ಟ್ಯೂನಿಂಗ್ ಸಂಸ್ಕೃತಿಗಳು ಬೆಳೆದದ್ದು ಈ ಎರಡು ದೇಶಗಳಲ್ಲೇ. ಕಟ್ಟುನಿಟ್ಟು ಹವ್ಯಾಸವನ್ನು ಕೊಲ್ಲುತ್ತದೆ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಬದಲಾಗಬೇಕಾದದ್ದು ಕ್ರಮ, ಅದೂ ತಲೆಕೆಳಗಾಗಿ. ಸರ್ಕಾರ ಪರೀಕ್ಷಿಸಿ ಒಪ್ಪಿದ ಬ್ರೇಕು, ಚಕ್ರ, ಸಸ್ಪೆನ್ಷನ್ ಭಾಗಗಳ ಪಟ್ಟಿ ಹೊರಡಿಸಿ ಅವನ್ನು ಆರ್‌ಸಿಯಲ್ಲಿ ನಮೂದಿಸಲು ದಾರಿ ಮಾಡಿಕೊಡಬೇಕು. ಖಾಸಗಿ ಕಾರುಗಳ ಯಾಂತ್ರಿಕ ತಪಾಸಣೆಯನ್ನು 15ನೇ ವರ್ಷಕ್ಕೆ ಕಾಯದೆ ಮೊದಲ ಕೆಲವು ವರ್ಷಗಳಲ್ಲೇ ಶುರುಮಾಡಬೇಕು. ವೇಗದ ಹಸಿವಿದ್ದವರು ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ನೂರಾರು ಕಿ.ಮೀ. ಹೋಗಬೇಕಾದ ಸ್ಥಿತಿ ತಪ್ಪಿಸಲು ಬೆಂಗಳೂರಿನ ಹತ್ತಿರ ಸಾರ್ವಜನಿಕರಿಗೆ ತೆರೆದ ಟ್ರ್ಯಾಕ್ ಬೇಕು. ನೈಸ್ ರಸ್ತೆ ಆ ಟ್ರ್ಯಾಕ್ ಅಲ್ಲ, ಮೈಸೂರು ಹೆದ್ದಾರಿಯೂ ಅಲ್ಲ. ಕಾರು ತಯಾರಕರು ‘ಜಿಟಿ’, ‘ಆರ್‌ಎಸ್’ ಎಂಬ ಬಿಲ್ಲೆ ಅಂಟಿಸಿದ ಕಾರಿಗೆ ಬಿಸಿ ತಾಳುವ ಪ್ಯಾಡನ್ನು ತಮ್ಮದೇ ಕೌಂಟರಿನಲ್ಲಿ ಮಾರಬೇಕು. ಟ್ಯೂನರುಗಳು ಗೇರ್‌ಬಾಕ್ಸಿನ ಮಿತಿಯನ್ನೂ ತಾವು ಹೇರುವ ಟಾರ್ಕನ್ನೂ ಒಂದೇ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ರೀಮ್ಯಾಪ್ ಕೇಳಿಕೊಂಡು ಬಂದ ಪ್ರತಿಯೊಂದು ಕಾರನ್ನೂ ಮೊದಲು ಲಿಫ್ಟಿಗೆ ಏರಿಸಿ ಟಯರಿನ ತಾರೀಕು, ಪ್ಯಾಡಿನ ದಪ್ಪ, ಬ್ರೇಕ್ ಆಯಿಲ್‌ನಲ್ಲಿರುವ ನೀರಿನಂಶ ನೋಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಲ್ಯಾಪ್‌ಟಾಪ್ ತೆರೆಯಕೂಡದು.